ಅಪ್‌ಡೇಟ್: ಬೈಪೋಲಾರ್ ಕಾಯಿಲೆ ಮತ್ತು ನನ್ನ ವ್ಯಾಯಾಮ, ಮೂರು ತಿಂಗಳ ನಂತರ

ಬೈಪೋಲಾರ್ ಕಾಯಿಲೆಯಿರುವ ನಾನು ಖಿನ್ನತೆಯ ದಿನಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗದೆ, ಉನ್ಮಾದದ ದಿನಗಳಲ್ಲಿ ನಿಲ್ಲಿಸಲಾಗದೆ ವ್ಯಾಯಾಮದ ಕ್ರಮವನ್ನೇ ಕಳೆದುಕೊಳ್ಳುತ್ತಿದ್ದೇನೆ ಎಂದು ಬರೆದು ನಿಮ್ಮ ಸಲಹೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದರೂ, ಸದ್ಯಕ್ಕೆ ಆ ಅಂಕಿಯನ್ನು ಬದಿಗಿಟ್ಟು ದಿನಕ್ಕೆ 10 ನಿಮಿಷಗಳ ನಡಿಗೆಯಿಂದ ಆರಂಭಿಸಿದೆ. ತೀರಾ ಕುಗ್ಗಿದ ದಿನ ಬೀದಿಯ ತಿರುವಿನವರೆಗೆ ಹೋಗಿ ಬಂದರೂ ಅದನ್ನು ಲೆಕ್ಕಕ್ಕೆ ಸೇರಿಸುತ್ತೇನೆ.

ಕಷ್ಟವಾದದ್ದು ಇನ್ನೊಂದು ತುದಿ. ಎರಡನೆಯ ತಿಂಗಳಲ್ಲಿ ಒಂದು ರಾತ್ರಿ 11 ಗಂಟೆಗೆ ಓಡಲು ಶೂ ಕಟ್ಟಿಕೊಳ್ಳುತ್ತಿದ್ದಾಗ ನನ್ನ ಅಕ್ಕ ಬಳಿ ಬಂದು ಕುಳಿತು, “ನಿನ್ನೆ ಎಷ್ಟು ಹೊತ್ತು ಮಲಗಿದ್ದೆ?” ಎಂದು ಮೆಲ್ಲಗೆ ಕೇಳಿದಳು, ಮೂರೇ ಗಂಟೆ ಎಂದು ಹೇಳುವಾಗಲೇ ಇದು ಉನ್ಮಾದದ ಲಕ್ಷಣವೆಂದು ನನಗೆ ಅರ್ಥವಾಯಿತು. ಮರುದಿನವೇ ವೈದ್ಯರನ್ನು ಕಂಡೆ. ಈಗ ಬೆಳಿಗ್ಗೆ ಮಾತ್ರ ವ್ಯಾಯಾಮ, ಮತ್ತು ನಿದ್ದೆ ಕಡಿಮೆಯಾದಷ್ಟೂ ನಡಿಗೆ ನಿಧಾನ.

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವವರು ಇದನ್ನು ದಯವಿಟ್ಟು ಗಮನಿಸಿ: ವಿಪರೀತ ಬೆವರಿ ದೇಹದ ನೀರು ಮತ್ತು ಸೋಡಿಯಂ ಕಡಿಮೆಯಾದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದರಿಂದ, ರಕ್ತದಲ್ಲಿ ಅದರ ಮಟ್ಟ ಅಪಾಯಕಾರಿಯಾಗಿ ಏರಬಹುದು. ಕೈನಡುಕ ಹೆಚ್ಚಾದರೆ, ವಾಂತಿ-ಭೇದಿಯಾದರೆ, ಮಾತು ತೊದಲಿದರೆ ಅಥವಾ ನಡಿಗೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾನೀಗ ನೀರಿನ ಬಾಟಲಿಯಿಲ್ಲದೆ ಹೊರಡುವುದಿಲ್ಲ, ಉರಿಬಿಸಿಲಿನಲ್ಲಿ ನಡೆಯುವುದೂ ಇಲ್ಲ.