ಹೌಸ್ ಸರ್ಜೆನ್ಸಿ ಮತ್ತು ಎರಡೂವರೆ ವರ್ಷದ ಮಗಳು: ರೈಲೋ, ಬಾಡಿಗೆ ಮನೆಯೋ?

ಕುಂಬಳೆಯವಳು: ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆ ಪಾಸಾಗಿದ್ದೇನೆ. ಮುಂದಿನ ತಿಂಗಳು ಮಂಗಳೂರಿನಲ್ಲಿ ಹೌಸ್ ಸರ್ಜೆನ್ಸಿ (ಒಂದು ವರ್ಷದ ಕಡ್ಡಾಯ ಆಸ್ಪತ್ರೆ ತರಬೇತಿ) ಆರಂಭ. ಗಂಡ ದುಬೈಯಲ್ಲಿದ್ದಾರೆ, ಮನೆಯಲ್ಲಿ ಅತ್ತೆಯವರಿದ್ದಾರೆ. ದಿನವೂ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ರೈಲಿನಲ್ಲಿ ಹೋಗಿ ಬರುವುದೋ, ಆಸ್ಪತ್ರೆಯ ಹತ್ತಿರ ಕೋಣೆ ಮಾಡುವುದೋ, ಒಂದು ವರ್ಷ ಮುಂದೂಡುವುದೋ ತಿಳಿಯುತ್ತಿಲ್ಲ. ಮಗಳಿಗೆ ಎರಡೂವರೆ ವರ್ಷ. ನನ್ನ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳದೆ ನಿದ್ದೆ ಹೋಗುವುದಿಲ್ಲ.

ಪೆರ್ಲದ ಮಾಸ್ಟ್ರು: ಮುಂದೂಡುವುದೇ ಸರಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯಂತೆ ಇಡೀ ವರ್ಷಕ್ಕೆ ಸಾಮಾನ್ಯ ರಜೆ 15 ದಿನ ಮಾತ್ರ. ಮಗುವಿಗೆ ಎರಡು ಸಲ ಜ್ವರ ಬಂದರೆ ಅದು ಮುಗಿಯಿತು. ಮಗುವಿನ ಈ ಪ್ರಾಯ ಮತ್ತೆ ಸಿಗುವುದಿಲ್ಲ.

ಮಂಜೇಶ್ವರದ ವೈದ್ಯೆ: ಮಾಸ್ಟ್ರೇ, 15 ದಿನ ಎಂಬಲ್ಲಿಗೇ ನಿಯಮಾವಳಿ ಮುಗಿಯುವುದಿಲ್ಲ. ಅದರಲ್ಲೇ ಸಮುದಾಯ ವೈದ್ಯಶಾಸ್ತ್ರಕ್ಕೆ 12 ವಾರಗಳಿವೆ. ಆ ದಿನಗಳಲ್ಲಿ ರಾತ್ರಿ ಪಾಳಿಯ ಹೊರೆ ಸಾಮಾನ್ಯವಾಗಿ ಕಡಿಮೆ. ಕಷ್ಟವಿರುವುದು ಮೆಡಿಸಿನ್, ಸರ್ಜರಿ ಮತ್ತು ಹೆರಿಗೆ ವಿಭಾಗಗಳಲ್ಲಿ. ನನ್ನ ಮಗನಿಗೆ ಒಂಬತ್ತು ತಿಂಗಳಾಗಿದ್ದಾಗ ನಾನು ಸೇರಿದೆ. ಹೆರಿಗೆ ವಾರ್ಡಿನಲ್ಲಿ ಬೇರೆಯವರ ಕೂಸು ಅತ್ತ ಕೂಡಲೇ ನನಗೆ ಹಾಲು ಇಳಿದು ಏಪ್ರನ್ ಒದ್ದೆಯಾಗುತ್ತಿತ್ತು. ಕೈತೊಳೆಯುವ ಬೇಸಿನ್ನಿಗೆ ಹಾಲು ಹಿಂಡಿ, ಮುಖ ತೊಳೆದುಕೊಂಡು, ಮುಂದಿನ ಹೆರಿಗೆಗೆ ನಿಂತಿದ್ದೇನೆ. ಸೇರಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಹೌಸ್ ಸರ್ಜೆನ್ಸಿ ಮುಗಿಯದೆ ಪಿ.ಜಿ. ಪ್ರವೇಶವೂ ಇಲ್ಲ. ತಂಗಿ, ಕೋಣೆ ಮಾಡಿ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಮಂಗಳೂರು ನಮಗೆ ಪಕ್ಕದ ಮನೆ.

ಉಪ್ಪಳದ ಪ್ರಯಾಣಿಕ: ‘ಪಕ್ಕದ ಮನೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯದಿಂದ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಿಂದ ಆಂಬುಲೆನ್ಸುಗಳೇ ಹಿಂದೆ ಬಂದವು. ತಾಯಿ ಆಚೆ, ಮಗು ಈಚೆ ಎಂಬ ಏರ್ಪಾಡಿಗೆ ಧೈರ್ಯ ಹೇಳುವ ಮೊದಲು ಅದನ್ನು ನೆನೆಯಬೇಕು.

ಮಂಜೇಶ್ವರದ ವೈದ್ಯೆ: ಅದು ಮಹಾಮಾರಿಯ ಕಾಲ. ಏಪ್ರಿಲ್ 1ರಂದೇ ಕೇರಳ ಹೈಕೋರ್ಟ್ ತಡೆಯನ್ನು ತೆರವುಗೊಳಿಸುವಂತೆ ಕೇಂದ್ರಕ್ಕೆ ಆದೇಶಿಸಿತು.

ಉಪ್ಪಳದ ಪ್ರಯಾಣಿಕ: ಆದೇಶದ ತಾರೀಕು ಹೇಳಿದಿರಿ, ಮರುದಿನವೇ ದಾರಿ ತೆರೆಯಿತೇ ಎಂಬುದನ್ನು ಹೇಳಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆ ಮೇಲೆ ಒಪ್ಪಂದವಾದದ್ದು ರೋಗಿಗಳ ಸಾಗಾಟದ ಬಗ್ಗೆ. ಅಮ್ಮನಿಗಾಗಿ ಅಳುವ ಮಗುವಿಗೆ ಯಾವ ಪಾಸು ಸಿಗುತ್ತದೆ?

ಮಂಜೇಶ್ವರದ ವೈದ್ಯೆ: ಅಂಥ ಭಯಕ್ಕೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವುದಾದರೆ ಈ ಜಿಲ್ಲೆಯಿಂದ ಒಬ್ಬ ವೈದ್ಯೆಯೂ ಹೊರಬರುತ್ತಿರಲಿಲ್ಲ.

ಉಪ್ಪಳದ ಪ್ರಯಾಣಿಕ: ಮನೆಯಲ್ಲಿ ಕೂರಿಸಿ ಎಂದು ನಾನು ಎಲ್ಲಿ ಬರೆದಿದ್ದೇನೆ? ತೋರಿಸಿ. ನನ್ನ ತಂದೆಯ ಡಯಾಲಿಸಿಸ್ ಆ ವಾರ ತಪ್ಪಿತ್ತು. ಅದು ನಿಮಗೆ ‘ಅಂಥ ಭಯ’ ಆಗಿರಬಹುದು, ನನಗಲ್ಲ.

ಪೆರ್ಲದ ಮಾಸ್ಟ್ರು: ಗಡಿಯ ಮಾತು ಬಂದದ್ದರಿಂದ ಹೇಳುತ್ತೇನೆ, ನಮ್ಮ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿದೆ. ಒಂದು ವರ್ಷ ಕಾದರೆ ಊರಿನಲ್ಲೇ ಅವಕಾಶ ಕೇಳಬಹುದು.

ಈಗಿನ ಹೌಸ್ ಸರ್ಜನ್: ಮಾಸ್ಟ್ರೇ, ದಯವಿಟ್ಟು ಹೀಗೆ ದಾರಿ ತಪ್ಪಿಸಬೇಡಿ. ಅಲ್ಲಿ ಎಂ.ಬಿ.ಬಿ.ಎಸ್. ಆರಂಭವಾದದ್ದೇ ಮೊನ್ನೆ ಮೊನ್ನೆ. ಮೊದಲ ತಂಡ ಹೌಸ್ ಸರ್ಜನ್ ಆಗುವ ಮೊದಲು 54 ತಿಂಗಳು ಓದಬೇಕು. ರೈಲನ್ನು ನೆಚ್ಚುವುದೂ ಬೇಡ. ನಾನು ಎರಡು ತಿಂಗಳು ಕಾಸರಗೋಡಿನಿಂದ ಹೋಗಿ ಬಂದೆ. ರಾತ್ರಿ ಪಾಳಿ ಮುಗಿದರೂ ವಾರ್ಡಿನ ರೋಗಿಗಳನ್ನು ಮುಂದಿನವರಿಗೆ ಒಪ್ಪಿಸದೆ ಹೊರಡುವಂತಿಲ್ಲ. ಒಮ್ಮೆ ನಿದ್ದೆಯಲ್ಲಿ ಕಾಸರಗೋಡು ದಾಟಿ ಕಾಞಂಗಾಡಿನಲ್ಲಿ ಎಚ್ಚರವಾಯಿತು. ಮಗುವನ್ನೂ ಅತ್ತೆಯವರನ್ನೂ ಕರೆದುಕೊಂಡೇ ಹೋಗಿ.

ಪೆರ್ಲದ ಮಾಸ್ಟ್ರು: ‘ದಾರಿ ತಪ್ಪಿಸುವುದು’ ಎಂಬ ಮಾತು ಹಿರಿಯರಿಗೆ ಹೇಳತಕ್ಕದ್ದಲ್ಲ. ಪ್ರಾಯವಾದ ಅತ್ತೆಯವರು ಮನೆ, ತೋಟ ಬಿಟ್ಟು ಪಟ್ಟಣದಲ್ಲಿ ಇರಬೇಕೆನ್ನುವುದು ಯಾವ ನ್ಯಾಯ?

ಕುಂಬಳೆಯವಳು: ಅತ್ತೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಹಸುವನ್ನು ನಾದಿನಿಯ ಮನೆಗೆ ಬಿಟ್ಟು ಮೊದಲ ಮೂರು ತಿಂಗಳು ಜೊತೆಗಿರುತ್ತೇನೆ ಎಂದರು. ನೆಲಮಹಡಿಯ ಮನೆಯೇ ಆಗಬೇಕು, ಮೊಣಕಾಲು ನೋವು ಎಂದರು. ಸೇರುವುದನ್ನು ಮುಂದೂಡುವುದಿಲ್ಲ. ನಾಳೆ ಎರಡು ಮನೆ ನೋಡಲು ಹೋಗುತ್ತೇನೆ.

ಉಪ್ಪಳದ ಪ್ರಯಾಣಿಕ: ಮೂವರೂ ಒಂದೇ ಕಡೆ ಇರುವುದಾದರೆ ನನ್ನ ಆಕ್ಷೇಪವಿಲ್ಲ. ‘ಪಕ್ಕದ ಮನೆ’ಯ ಬಗ್ಗೆ ಹೇಳಿದ್ದನ್ನು ಮಾತ್ರ ಹಿಂತೆಗೆಯುವುದಿಲ್ಲ.

ಮಂಜೇಶ್ವರದ ವೈದ್ಯೆ: ನಾನೂ ಹಿಂತೆಗೆಯುವುದಿಲ್ಲ. ತಂಗಿ, ರಾತ್ರಿ ಪಾಳಿಯ ದಿನ ಆ ಶಾಲನ್ನು ಒಗೆಯದೆ ಅತ್ತೆಯವರ ಕೈಗೆ ಕೊಟ್ಟು ಹೋಗಿ.