‘ಫಿಲಿಬುಸ್ತೆರೊ’ ಎಂಬುದಕ್ಕೆ ‘ಪಿತೂರಿಗಾರ’ ಸಲ್ಲುತ್ತದೆಯೇ?

ಮಾನ್ಯರೇ,

ಫಿಲಿಪೀನ್ಸಿನ ಇತಿಹಾಸದ ಬರಹವೊಂದನ್ನು ಕನ್ನಡಿಸುವಾಗ ಎದುರಾದ ಒಂದು ಪದದ ಬಗ್ಗೆ ತಮ್ಮ ಅಭಿಪ್ರಾಯವನ್ನು ಬಯಸುತ್ತೇನೆ. ಸ್ಪ್ಯಾನಿಷ್ ನುಡಿಯ ‘ಫಿಲಿಬುಸ್ತೆರೊ’ ಮೂಲತಃ ಡಚ್ಚರಿಂದ ಬಂದದ್ದು. ಕೆರಿಬಿಯನ್ ಸಮುದ್ರದ ಕಡಲ್ಗಳ್ಳರಿಗೆ ಇದ್ದ ಹೆಸರು. ಫಿಲಿಪೀನ್ಸಿನಲ್ಲಿ ಅದಕ್ಕೆ ಸ್ಪೇನಿನ ಆಳ್ವಿಕೆಯನ್ನು ಕಿತ್ತೊಗೆಯಲು ಹೊಂಚುವವನು ಎಂಬ ಅರ್ಥ ಬಂದು, ಕೊನೆಗೆ ಆಳುವವರ ಗುಮಾನಿಗೆ ಬಿದ್ದ ಯಾರಿಗೆ ಬೇಕಾದರೂ ಹಚ್ಚಬಹುದಾದ ಹಣೆಪಟ್ಟಿಯಾಯಿತು. ಅಮೆರಿಕದ ಸೆನೆಟ್ಟಿನಲ್ಲಿ ಮಾತನ್ನು ಎಳೆದೆಳೆದು ಮಸೂದೆಯನ್ನು ತಡೆಯುವುದಕ್ಕೂ ಇದೇ ಮೂಲದ ಪದವಿದೆಯಾದರೂ ಆ ಅರ್ಥ ಇಲ್ಲಿ ಹೊಂದದು.

ಸಂದರ್ಭ ಹೀಗಿದೆ. ಮನಿಲಾ ಕೊಲ್ಲಿಯ ದಡದ ಕವೀತೆಯಲ್ಲಿ (ಮೂಲದ ಉಚ್ಚಾರಣೆ ‘ಕವಿತೆ’ಗೂ ಹತ್ತಿರವಿದೆ, ಆದರೆ ಹಾಗೆ ಬರೆದರೆ ನಮ್ಮ ಓದುಗರಿಗೆ ಪದ್ಯವೇ ನೆನಪಾಗುತ್ತದೆ) 1872ರ ಜನವರಿ 20ರಂದು ಸುಮಾರು 200 ಸೈನಿಕರೂ ಕೆಲಸಗಾರರೂ ತಿರುಗಿಬಿದ್ದು ಸಾನ್ ಫೆಲಿಪೆ ಕೋಟೆಯನ್ನು ಹಿಡಿದರು. ಅವರಿಗೆ ತಲೆಗಂದಾಯದಿಂದಲೂ ಬಿಟ್ಟಿ ದುಡಿಮೆಯಿಂದಲೂ ಇದ್ದ ವಿನಾಯಿತಿಯನ್ನು ಗವರ್ನರ್ ಜನರಲ್ ಇಸ್ಕಿಯೆರ್ದೊ ತೆಗೆದುಹಾಕಿದ್ದನು. ದಂಗೆ ಎರಡೇ ದಿನಗಳಲ್ಲಿ ಅಡಗಿತು. ಆದರೆ ಇಸ್ಕಿಯೆರ್ದೊ ಅದನ್ನು ಸ್ಪೇನನ್ನೇ ಹೊರಗಟ್ಟುವ ದೊಡ್ಡ ಒಳಸಂಚೆಂದು ಬಿಂಬಿಸಿದನು. ಚರ್ಚುಗಳ ಆಡಳಿತದಲ್ಲಿ ನಾಡಿನ ಪಾದ್ರಿಗಳಿಗೂ ಹಕ್ಕು ಬೇಕೆಂದು ವಾದಿಸುತ್ತಿದ್ದ ಬುರ್ಗೋಸ್, ಅವರೊಡನೆ ಸಮೋರಾ ಮತ್ತು 72 ವರ್ಷದ ಮುದುಕರಾದ ಗೋಮೆಸ್, ಈ ಮೂವರು ಪಾದ್ರಿಗಳ ಮೇಲೂ ಆ ಸಂಚಿನ ಆರೋಪ ಹೊರಿಸಿ ಫೆಬ್ರವರಿ 17ರಂದು ಮನಿಲಾದ ಬಾಗುಂಬಾಯನ್ ಬಯಲಿನಲ್ಲಿ ಕತ್ತು ಬಿಗಿದು ಕೊಲ್ಲಲಾಯಿತು.

ಆಗ ಹತ್ತು ವರ್ಷದ ಬಾಲಕನಾಗಿದ್ದ ಹೊಸೆ ರಿಸಾಲ್, ‘ಫಿಲಿಬುಸ್ತೆರೊ’ ಎಂಬ ಮಾತನ್ನು ತಾನು ಮೊದಲು ಕೇಳಿದ್ದು ಆ ವರ್ಷವೇ ಎಂದೂ ಮನೆಯಲ್ಲಿ ತಂದೆ ಆ ಪದವನ್ನು ಉಚ್ಚರಿಸದಂತೆ ತಡೆದಿದ್ದರೆಂದೂ ಮುಂದೆ ಗೆಳೆಯನೊಬ್ಬನಿಗೆ ಬರೆದನು. 1891ರಲ್ಲಿ ಅದೇ ಪದದಿಂದ ಹುಟ್ಟಿದ ‘ಎಲ್ ಫಿಲಿಬುಸ್ತೆರಿಸ್ಮೊ’ ಎಂಬ ಹೆಸರನ್ನು ತನ್ನ ಕಾದಂಬರಿಗಿಟ್ಟು, ಅದನ್ನು ಆ ಮೂವರು ಪಾದ್ರಿಗಳಿಗೇ ಅರ್ಪಿಸಿದನು. ಸ್ಪೇನಿನವರು ಅವನನ್ನೂ 1896ರ ಡಿಸೆಂಬರ್ 30ರಂದು ಅದೇ ಬಯಲಿನಲ್ಲಿ ಗುಂಡಿಕ್ಕಿ ಕೊಂದರು.

ಕನ್ನಡಕ್ಕೆ ಬರೋಣ. ‘ದೇಶದ್ರೋಹಿ’ ಎಂದರೆ ಯಾವ ದೇಶಕ್ಕೆ ಬಗೆದ ದ್ರೋಹ ಎಂಬ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ಫಿಲಿಪಿನೋ ಎಂಬ ರಾಷ್ಟ್ರಭಾವನೆ ಬಲಿತದ್ದೇ ಆ ಪ್ರಶ್ನೆಯಿಂದ. ‘ರಾಜದ್ರೋಹಿ’ ಕಾನೂನಿನ ಮಾತು, ಬೀದಿಯ ಪಿಸುಮಾತಿನ ಭಯ ಅದರಲ್ಲಿಲ್ಲ. ‘ಬಂಡಾಯಗಾರ’ ಎಂದರೆ, ನರಗುಂದ ಬಂಡಾಯವನ್ನೂ ಬಂಡಾಯ ಸಾಹಿತ್ಯವನ್ನೂ ಬಲ್ಲ ನಮಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತದೆ.

ಆದ್ದರಿಂದ ನನ್ನ ಒಲವು ‘ಪಿತೂರಿಗಾರ’ ಎಂಬುದರ ಕಡೆಗಿದೆ. ಇಂದು ‘ಪಿತೂರಿ’ ಎಂದರೆ ಒಳಸಂಚು ಎಂದಷ್ಟೇ ತಿಳಿಯುತ್ತೇವೆ. ಆದರೆ ನೆರೆಯ ತೆಲುಗಿನಲ್ಲಿ ರಂಪ ಸೀಮೆಯ ಗುಡ್ಡಗಾಡಿನ ಜನ ಬ್ರಿಟಿಷರ ವಿರುದ್ಧ ಎದ್ದ ದಂಗೆಗೂ ‘ಪಿತೂರಿ’ ಎಂಬ ಹೆಸರೇ ನಿಂತಿದೆ. ಅಂದರೆ ಬಹಿರಂಗವಾಗಿ ತಿರುಗಿಬೀಳುವುದು, ಗುಟ್ಟಾಗಿ ಹೊಂಚುವುದು, ಈ ಎರಡೂ ಆ ಒಂದು ಪದದಲ್ಲಿ ಅಡಗಿವೆ. ಇಸ್ಕಿಯೆರ್ದೊ ಮಾಡಿದ್ದೂ ಮೊದಲನೆಯದನ್ನು ಎರಡನೆಯದೆಂದು ತೋರಿಸಿದ ಕೆಲಸವನ್ನೇ. ಆರೋಪಿಸುವವನ ದನಿಯೂ ಪದದಲ್ಲಿ ಉಳಿಯುತ್ತದೆ.

ನನ್ನನ್ನು ಕಾಡುವ ಅನುಮಾನ ಒಂದೇ. ರಿಸಾಲ್ ಆ ಬೈಗುಳವನ್ನು ಎತ್ತಿಕೊಂಡು ತನ್ನ ಪುಸ್ತಕದ ಹೆಸರಾಗಿಸಿದಂತೆ, ಕನ್ನಡದಲ್ಲಿ ‘ಪಿತೂರಿಗಾರ’ ಎಂಬುದನ್ನು ಯಾರಾದರೂ ತಮಗೆ ತಾವೇ ಹೆಮ್ಮೆಯಿಂದ ಹೇಳಿಕೊಂಡ ಬಳಕೆ ಲಾವಣಿಗಳಲ್ಲಾಗಲಿ ಹಳೆಯ ಪತ್ರಿಕೆಗಳಲ್ಲಾಗಲಿ ಇದೆಯೇ? ಕಂಡವರು ದಯವಿಟ್ಟು ತಿಳಿಸಬೇಕು.