ಹಿರಿಯರೊಂದಿಗೆ ಆಕ್ಸ್‌ಫರ್ಡ್ ಕಾಲುವೆಯ ದೋಣಿ ಪ್ರವಾಸ ಸಾಧ್ಯವೇ?

ಪ್ರಶ್ನೆ (ಹಾಸನ): ಅಪ್ಪ, ಅಮ್ಮನೊಂದಿಗೆ ಇಂಗ್ಲೆಂಡಿಗೆ ಹೋಗಿ, ಥೇಮ್ಸ್ ನದಿಯಿಂದ ಆಕ್ಸ್‌ಫರ್ಡ್ ಕಾಲುವೆಗೆ ಹೊರಳಿ, ನ್ಯಾರೋಬೋಟ್ ಎಂಬ ಕಿರಿದಾದ, ಉದ್ದನೆಯ ದೋಣಿಯಲ್ಲಿ ಕೆಲವು ದಿನ ಕಳೆಯಬೇಕೆಂದಿದ್ದೇವೆ. ಹೇಮಾವತಿಯಲ್ಲಿ ಹರಿಗೋಲು ಹತ್ತಿದ್ದನ್ನು ಬಿಟ್ಟರೆ ನಮಗೆ ಅನುಭವವಿಲ್ಲ. ದೋಣಿಯನ್ನು ನಾವೇ ನಡೆಸಬಹುದೇ?

ಉತ್ತರ (ಚಿಕ್ಕಮಗಳೂರು): ಖಂಡಿತ ನಡೆಸಬಹುದು. ಬಾಡಿಗೆಗೆ ಪಡೆಯುವವರಿಗೆ ಚಾಲನಾ ಪರವಾನಗಿ ಬೇಕಿಲ್ಲ; ಹೊರಡುವ ಮುನ್ನ ಬಾಡಿಗೆಗೆ ಕೊಡುವವರೇ ಕಲಿಸಿಕೊಡುತ್ತಾರೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಸುಮಾರು 6.4 ಕಿಲೋಮೀಟರು. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಇದಕ್ಕೆ ಕೈ ಬೇಗ ಒಗ್ಗುತ್ತದೆ. ನಿಜವಾದ ಶ್ರಮವಿರುವುದು ಲಾಕ್‌ಗಳಲ್ಲಿ, ಅಂದರೆ ನೀರಿನ ಮಟ್ಟ ಬದಲಾಗುವೆಡೆ ದೋಣಿಯನ್ನು ಏರಿಸುವ ಅಥವಾ ಇಳಿಸುವ, ಎರಡೂ ತುದಿಗೆ ಬಾಗಿಲಿರುವ ಕಟ್ಟೆಗಳಲ್ಲಿ: ದೋಣಿಯನ್ನು ಒಳತಂದು, ಹಿಂದಿನ ಬಾಗಿಲು ಮುಚ್ಚಿ, ಕೈಯಿಂದ ಹಿಡಿ ತಿರುಗಿಸಿ ತೂಬನ್ನೆತ್ತಿ, ಒಳಗಿನ ನೀರು ಮುಂದಿನ ಮಟ್ಟಕ್ಕೆ ಸಮವಾಗುವವರೆಗೆ ಕಾದ ನಂತರವೇ ಎದುರಿನ ಭಾರವಾದ ಬಾಗಿಲನ್ನು ಬೆನ್ನುಕೊಟ್ಟು ತಳ್ಳಬೇಕು. ದಯವಿಟ್ಟು ಈ ಕೆಲಸವನ್ನು ಹಿರಿಯರಿಗೆ ವಹಿಸಬೇಡಿ.

ಉತ್ತರ (ಸಕಲೇಶಪುರ): ಮೇಲಿನವರ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಲಾಕ್‌ನಲ್ಲಿ ಕೆಳಕ್ಕಿಳಿಯುವಾಗ ದೋಣಿಯ ಹಿಂಭಾಗವು ಮೇಲಿನ ಬಾಗಿಲಿನ ಬುಡದ ಕಟ್ಟೆಗೆ ಸಿಕ್ಕಿಕೊಂಡರೆ ದೋಣಿ ಮುಳುಗಲೂಬಹುದು. ಆದ್ದರಿಂದ ಅಲ್ಲಿ ಗುರುತು ಮಾಡಿರುವ ಗೆರೆಯಿಂದ ಮುಂದಕ್ಕೇ ನಿಲ್ಲಿಸಿ. ಥೇಮ್ಸ್‌ನಲ್ಲಿ ಸೆಳೆತ ಹೆಚ್ಚಿ ಕೆಂಪು ಫಲಕ ಹಾಕಿದ್ದರೆ ಹೊರಡಲೇಬೇಡಿ. ದೋಣಿಯ ಅಗಲ ಸುಮಾರು 7 ಅಡಿ ಮಾತ್ರವಾದ್ದರಿಂದ ಸಾಮಾನು ಕಡಿಮೆ ಒಯ್ಯಿರಿ.